ಹೊಳೆಯ ಹೆಸರು, ದೇವಿಯ ಹೆಸರು: ಮಲೆನಾಡಿನ ಹೆಣ್ಣುಮಕ್ಕಳು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹೆಣ್ಣುಮಕ್ಕಳ ಹಳೆಯ ಹೆಸರುಗಳಲ್ಲಿ ಬಹಳಷ್ಟು ಹೊಳೆಯಿಂದ, ದೇವಿಯಿಂದ, ಇಲ್ಲವೇ ಅಜ್ಜಿಯಿಂದ ಬಂದವು.

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ರಾಮ ಬಾಣ ಬಿಟ್ಟು ನೀರು ಚಿಮ್ಮಿಸಿದನೆಂಬ ಐತಿಹ್ಯ ಹೊಳೆಯ ಹೆಸರಿನಲ್ಲೂ ಇದೆ, ಊರಿನ ಹೆಸರಿನಲ್ಲೂ ಇದೆ. ಶರವೆಂದರೂ ಅಂಬೆಂದರೂ ಬಾಣವೇ. ಸಾಗರದ ಸಮೀಪದ ವರದಾಮೂಲದಲ್ಲಿ ಹುಟ್ಟುವ ವರದೆ ವರ ಕೊಡುವವಳು. ಹುಂಚದ ಬಳಿಯ ಕುಮುದ್ವತಿ ನೈದಿಲೆಯುಳ್ಳವಳು, ತುಂಗೆ ಎತ್ತರದವಳು. ತುಂಗೆಯನ್ನು ಸೇರುವ ಮಾಲತಿಯದು ಮಲ್ಲಿಗೆ ಜಾತಿಯ ಬಳ್ಳಿಯ ಹೆಸರು.

ದೇವಿಯರ ಹೆಸರುಗಳ ಬಳಗ ಇನ್ನೂ ದೊಡ್ಡದು. ಹುಂಚದ ಪದ್ಮಾವತಿ ಪಾರ್ಶ್ವನಾಥ ತೀರ್ಥಂಕರರ ಯಕ್ಷಿ; ಜೈನ ಮನೆಗಳಲ್ಲಿ ಪದ್ಮಾವತಿ, ಪದ್ಮಮ್ಮ ಎಂಬ ಹೆಸರುಗಳಿಗೆ ಅವಳೇ ಮೂಲ. ಘಟ್ಟದ ಕೆಳಗಿನ ಕೊಲ್ಲೂರು ಮೂಕಾಂಬೆಯನ್ನೂ ತೀರ್ಥಹಳ್ಳಿಯ ಪಕ್ಕದ ಶೃಂಗೇರಿ ಶಾರದೆಯನ್ನೂ ಕೊಟ್ಟವು. ಸೊರಬದ ಚಂದ್ರಗುತ್ತಿಯಲ್ಲಿರುವ ರೇಣುಕಾಂಬೆ ಜನರ ಬಾಯಲ್ಲಿ ಗುತ್ಯಮ್ಮ. ಅವಳಿಗೆ ಹರಕೆ ಹೊತ್ತು ಪಡೆದ ಮಗು ಹೆಣ್ಣಾದರೆ ಗುತ್ಯಮ್ಮ, ಗಂಡಾದರೆ ಗುತ್ಯಪ್ಪ. ಸಿಗಂದೂರಿನಲ್ಲಿ ಚೌಡೇಶ್ವರಿಯಾಗಿರುವ ಚೌಡಿ ಮಲೆನಾಡಿನ ತೋಟ, ಕಾಡುಗಳನ್ನೂ ಕಾಯುವವಳು. ಚೌಡಮ್ಮ ಎಂಬ ಹೆಸರು ಅಲ್ಲಿಂದ ಬಂತು. ನಾಗಾರಾಧನೆಯ ನೆಲವಾದ್ದರಿಂದ ನಾಗಮ್ಮ, ನಾಗವೇಣಿ ಮನೆಮನೆಗೂ ಉಂಟು. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯ ನಾಯಕಿಯ ಹೆಸರಿನಲ್ಲಿರುವ ‘ಫಣಿ’ಯೂ ಹಾವೇ.

ಅಚ್ಚಗನ್ನಡದ ಹೆಸರು ಬಡವರ ಹೆಸರೆಂಬ ಭಾವನೆ ಈಚಿನದು. 1672ರಿಂದ 1697ರವರೆಗೆ ಕೆಳದಿಯನ್ನಾಳಿ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ರಾಣಿ ಚೆನ್ನಮ್ಮಾಜಿ. ಚೆನ್ನ ಎಂದರೆ ಚೆಲುವು. ‘ಜಿ’ ಗೌರವಕ್ಕೆ ಸೇರಿದ್ದು. ಆದರೆ ಹೆಸರಿನ ಬಾಲ ಮಾತ್ರ ಅಂತಸ್ತನ್ನು ಹೇಳುತ್ತಿತ್ತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಒಕ್ಕಲಿಗರ ಮನೆಯ ಹುಡುಗಿ ಚಿನ್ನಮ್ಮ. ಜೀತದಾಳುಗಳ ಕೇರಿಯ ಹುಡುಗಿ ಬರೀ ತಿಮ್ಮಿ. ತಿರುಪತಿಯ ತಿಮ್ಮಪ್ಪನ ಹೆಸರೇ ಆದರೂ ಅವಳಿಗೆ ‘ಅಮ್ಮ’ ದಕ್ಕಲಿಲ್ಲ.

ಹಿಂದಿನ ಮಕ್ಕಳು ಉಳಿಯದ ಮನೆಯಲ್ಲಿ ಬೇಕೆಂದೇ ಹಗುರ ಹೆಸರಿಡುತ್ತಿದ್ದರು. ತಿಪ್ಪಮ್ಮ, ಕಲ್ಲಮ್ಮ ಎಂದರೆ ಸಾವಿನ ಕಣ್ಣು ಬೀಳದು ಎಂಬ ನಂಬಿಕೆ. ಸಾಕಮ್ಮ ಎಂಬುದಕ್ಕೆ ಎರಡು ಅರ್ಥ ಹೇಳುತ್ತಾರೆ: ಸಾಕಿ ಸಲಹಿದವಳು ಎಂಬುದೊಂದು, ಹೆಣ್ಣು ಇನ್ನು ಸಾಕು ಎಂಬುದಿನ್ನೊಂದು. ಎರಡನೆಯದು ಆ ಮಗುವಿಗೆ ಮಾಡಿದ ಅನ್ಯಾಯವೆಂದೇ ಹೇಳಬೇಕು.

ಹೆಸರಿಡುವ ಶಾಸ್ತ್ರ ಸಾಮಾನ್ಯವಾಗಿ ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ. ಮಗುವನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುತ್ತಾರೆ. ಹವ್ಯಕರಂಥ ಸಮುದಾಯಗಳಲ್ಲಿ ಜನ್ಮನಕ್ಷತ್ರದ ಪಾದಕ್ಕೆ ಹೊಂದುವ ಅಕ್ಷರದ ಹೆಸರು ಬೇರೆ, ಕರೆಯುವ ಹೆಸರು ಬೇರೆ ಇರುವುದುಂಟು. ಎಷ್ಟು ಚೆಂದದ ಹೆಸರಿಟ್ಟರೂ ಹವ್ಯಕರ ಮನೆಯಲ್ಲಿ ಹುಡುಗಿ ಬಹುಕಾಲ ‘ಕೂಸೇ’.

ಸಂಸ್ಕೃತದ ‘ಆ’ಕಾರಾಂತ ಹೆಸರು ಕನ್ನಡದಲ್ಲಿ ‘ಎ’ಕಾರಕ್ಕೆ ತಿರುಗುವುದು ಹಳೆಯ ವಾಡಿಕೆ: ಸೀತಾ ಸೀತೆಯಾದಳು, ಶಾರದಾ ಶಾರದೆಯಾದಳು. ಈಗ ಶಾಲೆಯ ದಾಖಲೆಯಲ್ಲಿ ದೀರ್ಘವೇ ಉಳಿದಿದೆ. ಎರಡಕ್ಷರದ ಹೊಸ ಹೆಸರುಗಳ ಪಟ್ಟಿಗಳಲ್ಲಂತೂ ಕಂಡಕಂಡದ್ದಕ್ಕೆಲ್ಲ ‘ಲಕ್ಷ್ಮಿ’, ‘ಸುಂದರಿ’ ಎಂದೇ ಅರ್ಥ ಬರೆದಿರುತ್ತದೆ. ಅವನ್ನು ನಂಬುವ ಮುನ್ನ ನಿಘಂಟು ತೆರೆದು ನೋಡುವುದು ಒಳ್ಳೆಯದು. ಮನೆಯ ಅಜ್ಜಿ, ಮುತ್ತಜ್ಜಿಯರ ಹೆಸರುಗಳನ್ನೂ ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಬೇಕು.