ವ್ಯವಸ್ಥೆ ಬದಲಿಸುವ ಮುನ್ನ: ಮಿತ ಬೆಲೆಯ ಲ್ಯಾಪ್‌ಟಾಪ್ ಮತ್ತು ನಮ್ಮ ಕನ್ನಡ ಕಡತಗಳು

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11 ನಡೆಯಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಅಗತ್ಯ. 2017ಕ್ಕೆ ಹಿಂದಿನ ಹೆಚ್ಚಿನ ಗಣಕಗಳು ಅದರ ಅರ್ಹತಾ ಪಟ್ಟಿಯಲ್ಲಿಲ್ಲ. ಹೀಗಾಗಿ ಮುಂಬಯಿಯ ನಮ್ಮ ಅನೇಕ ಮನೆಗಳಲ್ಲಿ ಹೊಸ ಲ್ಯಾಪ್‌ಟಾಪಿನ ಮಾತು ಎದ್ದಿದೆ. ವೆಚ್ಚ ಉಳಿಸಲು ಉಚಿತವಾದ ಲಿನಕ್ಸ್‌ಗೆ ಏಕೆ ಹೋಗಬಾರದು ಎಂಬುದು ಮಕ್ಕಳ ಪ್ರಶ್ನೆ.

ಹೋಗಬಹುದು. ಆದರೆ ಬೆಲೆ ನೋಡುವ ಮೊದಲು ಮನೆಯಲ್ಲಿ ಗಣಕದಿಂದ ಆಗುವ ಕೆಲಸಗಳನ್ನೆಲ್ಲ ಒಂದು ಕಾಗದದಲ್ಲಿ ಬರೆಯಿರಿ. ಮಿಂಚಂಚೆ, ಬ್ಯಾಂಕ್ ವ್ಯವಹಾರ, ಆದಾಯ ತೆರಿಗೆಯ ವಿವರ ಸಲ್ಲಿಕೆ ಮುಂತಾದವು ಬ್ರೌಸರಿನಲ್ಲಿಯೇ ನಡೆಯುವುದರಿಂದ ಯಾವ ವ್ಯವಸ್ಥೆಯಾದರೂ ನಡೆದೀತು. ಪತ್ರ, ಲೆಕ್ಕಪಟ್ಟಿಗಳಿಗೆ ಉಚಿತವಾದ ಲಿಬ್ರೆ ಆಫೀಸ್ ಇದೆ. ಆದರೆ ಅಂಗಡಿಯ ಲೆಕ್ಕಕ್ಕೆ ಟ್ಯಾಲಿ ಬಳಸುವವರು ವಿಂಡೋಸಿನಲ್ಲಿಯೇ ಉಳಿಯುವುದು ಕ್ಷೇಮ. ಡಿಜಿಟಲ್ ಸಹಿಯ ಟೋಕನ್ ಇರುವವರು ಅದು ಲಿನಕ್ಸಿನಲ್ಲಿ ಕೆಲಸ ಮಾಡುವುದೇ ಎಂದು ಮೊದಲೇ ವಿಚಾರಿಸಬೇಕು.

ಕೊಳ್ಳುವಾಗ ಗಮನಿಸಬೇಕಾದವು ಕೆಲವೇ. ರ‍್ಯಾಮ್ 8 ಜಿಬಿ ಇರಲಿ; ಕೆಲವು ಅಗ್ಗದ ಮಾದರಿಗಳಲ್ಲಿ ಅದನ್ನು ಬೆಸುಗೆ ಹಾಕಿರುತ್ತಾರೆ, ಮುಂದೆ ಹೆಚ್ಚಿಸಲಾಗದು. ಸಂಗ್ರಹಕ್ಕೆ 256 ಜಿಬಿಯ ಎಸ್‌ಎಸ್‌ಡಿ ಸಾಕು. ಇಎಂಎಂಸಿ ಎಂದು ಬರೆದಿದ್ದರೆ ಅದು ನಿಧಾನವೆಂದು ತಿಳಿಯಿರಿ. ವಿಂಡೋಸ್ ಇಲ್ಲದೆ ‘ಡಾಸ್’ ಹೆಸರಿನಲ್ಲಿ ಮಾರುವ ಲ್ಯಾಪ್‌ಟಾಪ್‌ಗಳಿಗೆ ಬೆಲೆ ಸಾಮಾನ್ಯವಾಗಿ ಕಡಿಮೆ. ಲಿನಕ್ಸ್ ಹಾಕಿಕೊಳ್ಳುವವರಿಗೆ ಇದು ಅನುಕೂಲ. ಕ್ರೋಮ್‌ಬುಕ್ ಕೊಳ್ಳುವವರು ಆ ಮಾದರಿಗೆ ನವೀಕರಣ ದೊರೆಯುವ ಕೊನೆಯ ದಿನಾಂಕವನ್ನು ಮೊದಲೇ ನೋಡಬೇಕು.

ಹೊಸದನ್ನು ಕೊಳ್ಳುವ ಮೊದಲು ಹಳೆಯ ಗಣಕದಲ್ಲಿಯೇ ಪರೀಕ್ಷೆ ಮಾಡಬಹುದು. ಉಬುಂಟು ಅಥವಾ ಲಿನಕ್ಸ್ ಮಿಂಟನ್ನು ಒಂದು ಪೆನ್‌ಡ್ರೈವ್‌ಗೆ ಇಳಿಸಿಕೊಂಡರೆ, ಡಿಸ್ಕಿನಲ್ಲಿ ಏನನ್ನೂ ಅಳಿಸದೆ ಅದರಿಂದಲೇ ನಡೆಸಿ ನೋಡಬಹುದು. ವೈಫೈ, ಧ್ವನಿ, ಮುದ್ರಕ ಇವು ಮೂರೂ ನಡೆದರೆ ನಿಮಗೆ ಹೊಸ ಯಂತ್ರವೇ ಬೇಡವಾಗಲೂಬಹುದು.

ಇನ್ನು ನಮ್ಮದೇ ಆದ ಒಂದು ಸಂಗತಿ. ನನ್ನ ತೀರ್ಥರೂಪರು ಕೊನೆಗಾಲದಲ್ಲಿ ಹೇಳಿ ಬರೆಸಿದ ನೆನಪುಗಳನ್ನು ನಾನು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟಿದ್ದೆ. ಹೊಸ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಆ ಕಡತವನ್ನು ತೆರೆದಾಗ ಕಂಡದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಎದೆ ಧಸಕ್ಕೆಂದಿತು. ಕಾರಣ ಸರಳ. ಹಳೆಯ ನುಡಿ, ಬರಹ ಕಡತಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಅದಕ್ಕೆ ಕನ್ನಡದ ರೂಪ ಕೊಡುತ್ತಿದ್ದುದು ಫಾಂಟ್ ಮಾತ್ರ. ಫಾಂಟ್ ಇಲ್ಲದ ಕಡೆ ಕನ್ನಡವೂ ಇಲ್ಲ. ಯೂನಿಕೋಡ್‌ನಲ್ಲಾದರೋ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಸ್ವಂತ ಸಂಕೇತವಿದೆ. ಎಲ್ಲ ವ್ಯವಸ್ಥೆಗಳೂ ಅದನ್ನು ಓದಬಲ್ಲವು.

ಪುಣ್ಯಕ್ಕೆ ಹಳೆಯ ಗಣಕವನ್ನು ಗುಜರಿಗೆ ಹಾಕಿರಲಿಲ್ಲ. ಅದರಲ್ಲಿಯೇ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡೆ. ಪರಿವರ್ತನೆಯ ನಂತರ ಮೂಲದೊಡನೆ ತಾಳೆ ನೋಡುವುದು ಅವಶ್ಯ. ಅರ್ಕಾವತ್ತು, ಒತ್ತಕ್ಷರಗಳಲ್ಲಿ ತಪ್ಪು ನುಸುಳುವುದುಂಟು. ಮೂಲ ಕಡತ, ಅದರ ಫಾಂಟ್ ಮತ್ತು ಒಂದು ಪಿಡಿಎಫ್ ಪ್ರತಿಯನ್ನೂ ಪ್ರತ್ಯೇಕವಾಗಿ ಉಳಿಸಿಕೊಳ್ಳಿ. ಲಿನಕ್ಸಿನಲ್ಲಿ ಹೊಸದಾಗಿ ಕನ್ನಡ ಬರೆಯಲು ತೊಡಕಿಲ್ಲ. ಐಬಸ್ ಎಂಬ ಸೌಲಭ್ಯದ ಮೂಲಕ ನುಡಿಯಲ್ಲಿ ರೂಢಿಯಾದ ಕೆ.ಪಿ. ರಾವ್ ಕೀಲಿಮಣೆಯ ವಿನ್ಯಾಸವೇ ದೊರೆಯುತ್ತದೆ.

ನಮ್ಮ ಸಂಘಗಳ ಸ್ಮರಣ ಸಂಚಿಕೆಗಳು, ಸದಸ್ಯರ ಪಟ್ಟಿಗಳು, ಹಿರಿಯರ ಲೇಖನಗಳು ಇಂತಹ ಹಳೆಯ ಕಡತಗಳಲ್ಲಿಯೇ ಅದೆಷ್ಟು ಉಳಿದಿವೆಯೋ. ಬ್ಯಾಂಕಿನಲ್ಲಿ ನಾವು ಗ್ರಾಹಕರಿಗೆ ಹೇಳುವ ಮಾತೊಂದಿದೆ: ಹಳೆಯ ಖಾತೆಯಲ್ಲಿರುವುದು ಹೊಸ ಖಾತೆಗೆ ಜಮೆಯಾದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಹಳೆಯದನ್ನು ಮುಚ್ಚಿರಿ. ಗಣಕಕ್ಕೂ ಅದೇ ಮಾತು ಸಲ್ಲುತ್ತದೆ.