ಮೊದಲು ಹಲ್ಲೋ, ಅಲಗೋ?

ಭಾನುವಾರ ಮಧ್ಯಾಹ್ನ ಮಾನ್ವಿಯ ಯಾವುದಾದರೂ ಮಟನ್ ಅಂಗಡಿಯ ಹಿಂದೆ ಹೋಗಿ ನಿಂತು ನೋಡಿ. ನಾಯಿಯೊಂದು ಕುರಿಯ ತೊಡೆಮೂಳೆಯನ್ನು ಮುಂಗಾಲುಗಳ ನಡುವೆ ಒತ್ತಿ ಹಿಡಿದಿರುತ್ತದೆ. ನಡುವಿನ ಗಟ್ಟಿ ಕೊಳವೆಯ ಗೊಡವೆಗೆ ಅದು ಮೊದಲು ಹೋಗುವುದಿಲ್ಲ. ಕೀಲಿನ ತುದಿಗಳೊಳಗೆ ಮೂಳೆ ಜೇನುಗೂಡಿನಂತೆ ಮೆತ್ತಗಿರುತ್ತದೆ, ಕೊಬ್ಬೂ ಅಲ್ಲೇ ಇರುತ್ತದೆ. ಅಗಿಯುವುದು ಅಲ್ಲಿಂದ ಶುರು. ಸಂಜೆಗೆ ಎರಡೂ ತುದಿ ಮಾಯವಾಗಿ ಕೊಳವೆಯಷ್ಟೇ ಉಳಿಯುತ್ತದೆ. ಉತ್ಖನನದ ಗುಂಡಿಯಲ್ಲಿ ಹೀಗೆ ತುದಿ ಕಳೆದುಕೊಂಡ ಮೂಳೆಗಳು ಹೆಚ್ಚಾಗಿ ಕಂಡರೆ, ತಜ್ಞರಿಗೆ ಮೊದಲು ಅನುಮಾನ ಬರುವುದು ಮಾಂಸಾಹಾರಿ ಪ್ರಾಣಿಯ ಮೇಲೆ.

ದೇವದುರ್ಗದ ಕಡೆಯಿಂದ ತಿಂಥಣಿ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿದರೆ ಸುರಪುರ ಸೀಮೆ. ಅಲ್ಲಿನ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಗೆಸಿದಾಗ, ಸಗಣಿ ಸುಟ್ಟು ಬೆಳೆದ ಬೂದಿದಿಬ್ಬದ ಜೊತೆಗೆ ನವಶಿಲಾಯುಗದವರು ಪ್ರಾಣಿಗಳನ್ನು ಕಡಿದು ಪಾಲು ಮಾಡುತ್ತಿದ್ದ ನೆಲವೊಂದು ಸಿಕ್ಕಿತು. ಸುಮಾರು 4000 ವರ್ಷ ಹಿಂದಿನದು. ಪದ್ದಯ್ಯ, ಪಿ.ಕೆ. ಥಾಮಸ್, ಪಿ.ಪಿ. ಜೋಗಳೇಕರ್ ಅದರ ವರದಿಯನ್ನು 1995ರಲ್ಲಿ ಪ್ರಕಟಿಸಿದರು. ಇಂಥ ಜಾಗದಲ್ಲಿ ಪ್ರತಿ ಮೂಳೆಗೂ ಕೇಳಬೇಕಾದ ಪ್ರಶ್ನೆ ಒಂದೇ: ಇದರ ಮೇಲೆ ಮೊದಲು ಕೆಲಸ ಮಾಡಿದವರು ಯಾರು?

ಕಲ್ಲಿನ ಅಲಗು ಎಳೆದ ಗೀರು ಸಪೂರ. ಅಡ್ಡಕ್ಕೆ ಸೀಳಿ ನೋಡಿದರೆ ತಳ ಚೂಪಾಗಿರುತ್ತದೆ, ಒಳಗೆ ಕೂದಲೆಳೆಯಂಥ ಸಮಾನಾಂತರ ಗೆರೆಗಳಿರುತ್ತವೆ. ಹಲ್ಲು ಉಜ್ಜಿದ ಗೀರಿನ ತಳ ದೋಣಿಯಂತೆ ದುಂಡಗೆ, ನುಣ್ಣಗೆ. ಹಲ್ಲು ಒತ್ತಿದಲ್ಲಿ ಕುಳಿ ಬೀಳುತ್ತದೆ, ಮೆತ್ತನೆ ತುದಿಯಲ್ಲಾದರೆ ತೂತೇ ಆಗುತ್ತದೆ. ಕುಳಿಯ ಅಳತೆ ಹಿಡಿದು ತಕ್ಷಣ ತೋಳ, ಕತ್ತೆಕಿರುಬ, ಚಿರತೆ ಎಂದು ಹೆಸರಿಡಲು ಹೋಗಬಾರದು. ಅದೇ ಹಲ್ಲು ಗಟ್ಟಿ ಜಾಗದಲ್ಲಿ ಸಣ್ಣ ಕುಳಿ ಬಿಟ್ಟು ಮೆತ್ತನೆ ಜಾಗದಲ್ಲಿ ದೊಡ್ಡದನ್ನು ಬಿಡುತ್ತದೆ. ಅದೃಷ್ಟವಿದ್ದರೆ ಜೋಡಿ ತೂತು ಸಿಗಬಹುದು. ದಕ್ಷಿಣ ಆಫ್ರಿಕಾದ ಸ್ವಾರ್ಟ್‌ಕ್ರಾನ್ಸ್ ಗುಹೆಯಲ್ಲಿ ಸಿಕ್ಕ ಎಳೆಯ ಮಾನವಸಂಬಂಧಿ ಜೀವಿಯ ತಲೆಬುರುಡೆಯ ಎರಡು ತೂತುಗಳ ಅಂತರ ಚಿರತೆಯ ಕೆಳದವಡೆಯ ಕೋರೆಹಲ್ಲುಗಳಿಗೆ ಹೊಂದುತ್ತದೆಂದು ಸಿ.ಕೆ. ಬ್ರೇನ್ 1970ರಲ್ಲಿ ತೋರಿಸಿದರು. ಬೇಟೆಗಾರನೆಂದು ನಾವು ಬೀಗುತ್ತಿದ್ದ ವಂಶದ ಕೂಸು ಅಲ್ಲಿ ಬೇಟೆಯಾಗಿತ್ತು.

ಕಡಿದವರೆಲ್ಲ ಮಾಂಸಾಹಾರಿಗಳಲ್ಲ. ಮುಳ್ಳುಹಂದಿ ಒಣ ಮೂಳೆಗಳನ್ನು ಬಿಲಕ್ಕೆ ಹೊತ್ತೊಯ್ದು ಕೆರೆಯುತ್ತದೆ. ಮುಂದಿನ ಬಾಚಿಹಲ್ಲುಗಳು ಬಡಗಿಯ ಉಳಿಯಂತೆ ಅಗಲವಾದ, ಚಪ್ಪಟೆ ತಳದ ಗೆರೆಗಳನ್ನು ಒತ್ತೊತ್ತಾಗಿ ಬಿಡುತ್ತವೆ. ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ.

ನಮ್ಮ ಸೀಮೆಯಲ್ಲಿ ನಿಜವಾಗಿ ದಾರಿ ತಪ್ಪಿಸುವುದು ದನದ ಗೊರಸು ಎಂದು ನನಗನ್ನಿಸುತ್ತದೆ. ರಾಯಚೂರಿನಿಂದ ಕೃಷ್ಣೆಯಾಚೆ, ತೆಲಂಗಾಣದ ಉಟ್ನೂರಿನ ಬೂದಿದಿಬ್ಬವನ್ನು ಎಫ್.ಆರ್. ಆಲ್ಚಿನ್ 1957ರಲ್ಲಿ ಅಗೆದಾಗ ದನಗಳ ಗೊರಸಿನ ಗುರುತುಗಳೇ ಕಂಡಿದ್ದವು. ಅದು ದೊಡ್ಡಿಯಾಗಿತ್ತು. ದೊಡ್ಡಿಯಲ್ಲಿ ಬಿದ್ದ ಮೂಳೆಯನ್ನು ದನ ತುಳಿದರೆ ಕೆಳಗಿನ ಗರಸು ಅಲಗಿನಂಥದೇ ಗೀರು ಎಳೆಯುತ್ತದೆ. ಆದರೆ ಅಂಥವು ಆಳವಿಲ್ಲದೆ ದಿಕ್ಕಾಪಾಲಾಗಿರುತ್ತವೆ. ಕಟುಕನ ಗೀರಿಗೆ ಜಾಗ ಗೊತ್ತು: ಕೀಲಿನ ಸುತ್ತ, ಸ್ನಾಯು ಅಂಟಿದಲ್ಲಿ.

ಅಲಗು, ಹಲ್ಲು ಎರಡರ ಗುರುತೂ ಒಂದೇ ಮೂಳೆಯಲ್ಲಿದ್ದು ಒಂದನ್ನೊಂದು ದಾಟಿದರೆ ಸರದಿ ತಿಳಿಯುತ್ತದೆ. ಅಲಗಿನ ಗೀರನ್ನು ಹಲ್ಲಿನ ಕುಳಿ ಅಳಿಸಿದ್ದರೆ ನಾಯಿಗೆ ಸಿಕ್ಕಿದ್ದು ಎಂಜಲು. ಕುಳಿಯ ಮೇಲೆ ಗೀರು ಹಾದಿದ್ದರೆ ಎಂಜಲು ಮನುಷ್ಯನಿಗೆ.

ಇದನ್ನೆಲ್ಲ ನೋಡುವ ಮೊದಲು ಮೂಳೆಯನ್ನು ತೊಳೆಯಬೇಕು. ಎರೆಸೀಮೆಯ ಮಣ್ಣಿನಲ್ಲಿ ಹೂತ ಮೂಳೆಗೆ ಎಷ್ಟೋ ಸಲ ಸುಣ್ಣದ ಪದರ ಕಚ್ಚಿಕೊಂಡಿರುತ್ತದೆ. ಕಬ್ಬಿಣದ ಸೂಜಿಯಿಂದ ಕೆರೆದರೆ ಹೊಸ ಗೀರು ಬೀಳುತ್ತದೆ. ತೆಳು ಅಸಿಟಿಕ್ ಆಮ್ಲದಲ್ಲಿ ಬಿಟ್ಟರೆ ಸುಣ್ಣ ಕರಗುತ್ತದೆ, ಹೆಚ್ಚು ಹೊತ್ತಾದರೆ ಮೂಳೆಯ ಮೇಲ್ಮೈಯೂ ಹೋಗುತ್ತದೆ. ಹಾಗಾಗಿ ಸ್ವಲ್ಪ ನೆನೆಸಿ, ನೀರಲ್ಲಿ ಜಾಲಾಡಿ, ಓರೆಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿ, ಮತ್ತೆ ನೆನೆಸುತ್ತಾರೆ.