ಬೀಗದ ಕೀ ಯಾರ ಕೈಯಲ್ಲಿ?

ದೆಹಲಿಯ ಲೋಧಿ ಕಾಲೋನಿಯ ಮಗ್ಗುಲಲ್ಲಿರುವ ಸಿಜಿಒ ಕಾಂಪ್ಲೆಕ್ಸಿನಲ್ಲಿ ಸರ್ಟ್-ಇನ್ ಕಚೇರಿಯಿದೆ. ದೇಶದ ಸೈಬರ್ ಸುರಕ್ಷತೆಗೆಂದು 2004ರಲ್ಲಿ ಶುರುವಾದ ಈ ಸಂಸ್ಥೆ, ಆಂಡ್ರಾಯ್ಡಿನಲ್ಲಿ ದೋಷಗಳು ಪತ್ತೆಯಾದಾಗಲೆಲ್ಲ ಎಚ್ಚರಿಕೆ ಹೊರಡಿಸುತ್ತದೆ. ಜೊತೆಗೆ ಹೇಳುವ ಪರಿಹಾರ: ಕಂಪನಿ ಕೊಡುವ ಅಪ್‌ಡೇಟ್ ಹಾಕಿಕೊಳ್ಳಿ. ಸರಿಯಾದ ಮಾತು. ಆದರೆ ಫೋನು ಗಟ್ಟಿಮುಟ್ಟಾಗಿದ್ದು, ಕಂಪನಿ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ್ದರೆ?

ಬೂಟ್‌ಲೋಡರನ್ನು, ಅಂದರೆ ಆಂಡ್ರಾಯ್ಡನ್ನು ಎಬ್ಬಿಸುವ ತಂತ್ರಾಂಶವನ್ನು, ಅನ್‌ಲಾಕ್ ಮಾಡುವವರ ದೊಡ್ಡ ಸಮರ್ಥನೆ ಹುಟ್ಟುವುದು ಇಲ್ಲೇ. ಬೀಗ ತೆಗೆದು ಲಿನಿಯೇಜ್‌ಓಎಸ್‌ನಂಥ ಬದಲಿ ತಂತ್ರಾಂಶ ಹಾಕಿದರೆ ಅನೇಕ ಹಳೆಯ ಫೋನುಗಳಿಗೂ ಹೊಸ ಆಂಡ್ರಾಯ್ಡ್ ಬರುತ್ತದೆ. ಇದರ ಪೂರ್ವಜ ಹವ್ಯಾಸಿಗಳು ಕಟ್ಟಿದ ಸೈನೋಜೆನ್‌ಮಾಡ್. ಅದರಿಂದ ಬೆಳೆದ ಸೈನೋಜೆನ್ ತಂತ್ರಾಂಶದ ಹಕ್ಕಿಗಾಗಿ ಫೋನ್ ಕಂಪನಿಗಳಾದ ಮೈಕ್ರೋಮ್ಯಾಕ್ಸ್ ಮತ್ತು ಒನ್‌ಪ್ಲಸ್ 2014ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟಿನಲ್ಲಿ ಸೆಣಸಿದ್ದವು. ಹವ್ಯಾಸಿಗಳ ಕೆಲಸಕ್ಕೆ ಎಷ್ಟು ಬೆಲೆಯಿತ್ತೆಂದು ಅದರಿಂದಲೇ ಊಹಿಸಬಹುದು.

ಕನ್ನಡಿಗರಿಗೂ ಇಂಥ ಬೀಗ ತೆಗೆಯುವ ಕೆಲಸದ ಹಂಗಿದೆ. ಆಂಡ್ರಾಯ್ಡ್ 4.1 ಬಂದ 2012ಕ್ಕೂ ಮೊದಲು ಅನೇಕ ಫೋನುಗಳಲ್ಲಿ ಕನ್ನಡವೆಂದರೆ ಖಾಲಿ ಚೌಕಗಳ ಸಾಲು. ಕೆಲವರು ಫೋನನ್ನು ರೂಟ್ ಮಾಡಿ, ಅಂದರೆ ವ್ಯವಸ್ಥೆಯ ಪೂರ್ಣ ಅಧಿಕಾರ ಪಡೆದು, ಒಳಗಿನ ಫಾಂಟನ್ನೇ ಬದಲಿಸಿಕೊಂಡರು. ಅಕ್ಷರ ಮೂಡಿತು, ಒತ್ತಕ್ಷರ ಕೂಡಿಕೊಳ್ಳಲಿಲ್ಲ; ಅಕ್ಷರಗಳನ್ನು ಬೆಸೆಯುವ ತಂತ್ರಾಂಶ ಫಾಂಟಿಗಿಂತ ಬೇರೆ. ಆದರೂ ತಮ್ಮ ನುಡಿಯನ್ನು ತಮ್ಮ ಫೋನಿನಲ್ಲಿ ಓದಲು ಅವರು ಯಾರ ಅಪ್ಪಣೆಗೂ ಕಾಯಲಿಲ್ಲ. ಆ ಹಟದ ಬಗ್ಗೆ ನನಗೆ ಗೌರವವಿದೆ.

ಹಾಗಾದರೆ ಬೀಗ ಏಕೆ? ಫೋನ್ ಆನ್ ಮಾಡಿದಾಗ ಚಿಪ್ಪಿನಲ್ಲೇ ಅಚ್ಚಾದ ಪುಟ್ಟ ಪ್ರೋಗ್ರಾಮು ಮೊದಲು ಏಳುತ್ತದೆ. ಅದು ಬೂಟ್‌ಲೋಡರಿನ ಡಿಜಿಟಲ್ ಸಹಿ ಪರೀಕ್ಷಿಸುತ್ತದೆ. ಬೂಟ್‌ಲೋಡರು ಆಂಡ್ರಾಯ್ಡಿನ ಸಹಿಯನ್ನು. ಯಾರಾದರೂ ಒಳಗೆ ಕೈಯಾಡಿಸಿದ್ದರೆ ಸಹಿ ತಾಳೆಯಾಗುವುದಿಲ್ಲ. ಅನ್‌ಲಾಕ್ ಮಾಡಿದರೆ ಈ ಸರಪಳಿ ಕಡಿಯುತ್ತದೆ. ಕದ್ದವರು ತಮ್ಮ ತಂತ್ರಾಂಶ ಹಾಕಿ ನಿಮ್ಮ ಫೋಟೊ, ಸಂದೇಶ ಓದಬಾರದೆಂದೇ ಅನ್‌ಲಾಕ್ ಮಾಡುವಾಗ ಫೋನು ಎಲ್ಲವನ್ನೂ ಅಳಿಸಿಹಾಕುತ್ತದೆ. ಸ್ಯಾಮ್‌ಸಂಗ್ ಫೋನುಗಳಲ್ಲಿ ಅನಧಿಕೃತ ತಂತ್ರಾಂಶ ಹಾಕಿದರೆ ನಾಕ್ಸ್ ಎಂಬ ಭದ್ರತೆಯ ಸೂಕ್ಷ್ಮ ಫ್ಯೂಸು ಸುಟ್ಟುಹೋಗುತ್ತದೆ, ಮತ್ತೆ ಸರಿಯಾಗುವುದಿಲ್ಲ.

ರೂಟ್ ಅದಕ್ಕಿಂತ ಅಪಾಯಕಾರಿ. ಆಂಡ್ರಾಯ್ಡಿನಲ್ಲಿ ಒಂದು ಆಪ್ ಇನ್ನೊಂದರ ಮಾಹಿತಿಗೆ ಕೈಹಾಕುವಂತಿಲ್ಲ. ರೂಟ್ ಅನುಮತಿ ಪಡೆದ ಆಪಿಗೆ ಆ ಗೋಡೆ ಅಡ್ಡವಾಗದು. ಹಲವು ಬ್ಯಾಂಕ್ ಆಪ್‌ಗಳು ಇಂಥ ಫೋನಿನಲ್ಲಿ ಓಡಲು ಒಪ್ಪದಿರುವುದು ಇದಕ್ಕೇ. ಇನ್ನು ರೂಟ್ ಇದೆಯೆಂದು ಫೋನಿನ ಗುರುತಾದ ಐಎಂಇಐ ಸಂಖ್ಯೆಯನ್ನು ತಿದ್ದುವುದು ಕಾನೂನಿನಲ್ಲಿ ಅಪರಾಧ. 2023ರ ದೂರಸಂಪರ್ಕ ಕಾಯ್ದೆ ಅದಕ್ಕೆ 3 ವರ್ಷದವರೆಗೆ ಜೈಲು ಹೇಳುತ್ತದೆ.

ಲಿನಿಯೇಜ್ ಹಾಕಿದ ಮಾತ್ರಕ್ಕೆ ಎಲ್ಲ ತೂತೂ ಮುಚ್ಚುವುದಿಲ್ಲ. ಮೋಡೆಮ್ ಮತ್ತು ಚಿಪ್ಪಿನ ಒಳತಂತ್ರಾಂಶವನ್ನು ತಯಾರಕರೇ ಸರಿಪಡಿಸಬೇಕು. ಹಾಗಾಗಿ ಹಣ ಓಡಾಡುವ ಫೋನನ್ನು ಮುಟ್ಟಬೇಡಿ. ಕಪಾಟಿನಲ್ಲಿ ಬಿದ್ದಿರುವ ಹಳೆಯದರಲ್ಲಿ ಧಾರಾಳವಾಗಿ ಪ್ರಯೋಗ ಮಾಡಿ.

ಬೀಗ ಮತ್ತು ಸ್ವಾತಂತ್ರ್ಯ ಎರಡೂ ಜೊತೆಗಿರಬಲ್ಲವು. ಗೂಗಲ್ ಪಿಕ್ಸೆಲ್‌ನಲ್ಲಿ ಬೇರೆ ತಂತ್ರಾಂಶ ಹಾಕಿ, ಅದರದೇ ಕೀಲಿಯನ್ನು ಫೋನಿಗೆ ಪರಿಚಯಿಸಿ, ಬೂಟ್‌ಲೋಡರಿಗೆ ಮತ್ತೆ ಬೀಗ ಹಾಕಬಹುದು. ಗ್ರಾಫೀನ್‌ಓಎಸ್ ಎಂಬ ಬದಲಿ ತಂತ್ರಾಂಶ ನಡೆಯುವುದು ಹೀಗೆಯೇ. ಉಳಿದ ಕಂಪನಿಗಳಿಂದಲೂ ನಾವು ಕೇಳಬೇಕಾದದ್ದು ಈ ಸೌಲಭ್ಯವನ್ನೇ, ಅದರಲ್ಲೂ ಅಪ್‌ಡೇಟ್ ನಿಲ್ಲಿಸುವ ದಿನ.